2008ರಿಂದ ಬರೆದ ಕನ್ನಡ ಬ್ಲಾಗನ್ನು ಸ್ವಂತ ಹೋಸ್ಟಿಂಗ್‌ಗೆ ಒಯ್ಯುವುದು: ಅಚ್ಚಾಗಿ ಹೋದ ಹಳೆಯ ವಿಳಾಸಗಳ ಗತಿಯೇನು?

ಡೊಂಬಿವಲಿ_ಪೂರ್ವ:

ನಾನು ಮುಂಬಯಿಯ ಬ್ಯಾಂಕೊಂದರಲ್ಲಿ 35 ವರ್ಷ ದುಡಿದು ನಿವೃತ್ತನಾದವನು. 2008ರ ಆಗಸ್ಟಿನಿಂದ ಗೂಗಲಿನ ಪುಕ್ಕಟೆ ವೇದಿಕೆಯಾದ ಬ್ಲಾಗರ್‌ನಲ್ಲಿ ಒಂದು ಕನ್ನಡ ಬ್ಲಾಗನ್ನು ನಡೆಸಿಕೊಂಡು ಬಂದಿದ್ದೇನೆ. ಊರು ಬಿಟ್ಟು ಬಂದು, ಹಗಲೆಲ್ಲ ಮಾಟುಂಗಾ, ಗಿರಗಾಂವ್, ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಎಸ್ಸೆಸ್ಸಿ ಮುಗಿಸಿದ ನಮ್ಮ ಕರಾವಳಿಯ ಹುಡುಗರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವುದು ಅದರ ಮುಖ್ಯ ಕೆಲಸ. ಆ ಹುಡುಗರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಒಟ್ಟು 412 ಬರಹಗಳು, ಸುಮಾರು 900 ಚಿತ್ರಗಳು, 3,000ಕ್ಕೂ ಮಿಕ್ಕಿದ ಪ್ರತಿಕ್ರಿಯೆಗಳು ಅಲ್ಲಿವೆ.

ಪ್ರತಿಕ್ರಿಯೆಗಳನ್ನು ಬೇಕೆಂದೇ ಎಣಿಸಿ ಹೇಳಿದ್ದೇನೆ. 2011ರಲ್ಲಿ ಬರೆದ ಒಂದು ರಾತ್ರಿ ಶಾಲೆಯ ಬರಹದ ಕೆಳಗೆ ಮಸ್ಕತ್‌ನಲ್ಲಿದ್ದವರೊಬ್ಬರು ತಮ್ಮ ತರಗತಿಯ ನೆನಪು ಬರೆದರು. ಮೂರು ವಾರಗಳ ಬಳಿಕ ಠಾಣೆಯಿಂದ ಇನ್ನೊಬ್ಬರು ‘ನೀವು ಕಿಟಕಿಯ ಪಕ್ಕದ ಬೆಂಚಿನ ಕುಂದಾಪುರದವರಲ್ಲವೇ, ನನ್ನ ಭೂಗೋಳದ ಪುಸ್ತಕ ಇನ್ನೂ ನಿಮ್ಮ ಬಳಿಯೇ ಇದೆ’ ಎಂದು ಕೇಳಿದರು. ಅಲ್ಲಿಂದ ಮುಂದೆ 43 ಪ್ರತಿಕ್ರಿಯೆಗಳು ಬಂದಿವೆ. ನಾನು ಬರೆದದ್ದಕ್ಕಿಂತ ಅದೇ ಹೆಚ್ಚು ಬೆಲೆಯುಳ್ಳದ್ದು.

ಈಗ ಇದನ್ನು ಸ್ವಂತ ಹೆಸರಿನ ವಿಳಾಸಕ್ಕೆ, ನಾನೇ ದುಡ್ಡು ಕೊಟ್ಟು ಇಟ್ಟುಕೊಳ್ಳುವ ಜಾಗಕ್ಕೆ ಒಯ್ಯಬೇಕೆಂದಿದ್ದೇನೆ. ಇಷ್ಟು ವರ್ಷ ಪುಕ್ಕಟೆ ಇರಗೊಟ್ಟವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಪಾಗಡಿ ಖೋಲಿಯಲ್ಲಿ, ಅಂದರೆ ಮುಂಗಡ ಕೊಟ್ಟು ಹಿಡಿದ ಬಾಡಿಗೆ ಕೋಣೆಯಲ್ಲಿ, ಎಷ್ಟು ವರ್ಷ ಸುಖವಾಗಿದ್ದರೂ ಗೋಡೆಗೆ ಒಂದು ಮೊಳೆ ಹೊಡೆಯುವಾಗ ಕೈ ಅಳುಕುತ್ತದೆಯಲ್ಲ, ಅಂಥ ಅಳುಕು ಇದು. ಇಂಥವೇ ಪುಕ್ಕಟೆ ವೇದಿಕೆಗಳಾದ ಜಿಯೋಸಿಟೀಸ್ 2009ರಲ್ಲಿ, ಪೋಸ್ಟರಸ್ 2013ರಲ್ಲಿ ಬಾಗಿಲು ಹಾಕಿದ್ದನ್ನು ಕಂಡವನು ನಾನು.

ನನ್ನ ದೊಡ್ಡ ಚಿಂತೆ ವಿಳಾಸಗಳದ್ದು. ನನ್ನ ಕೆಲವು ಬರಹಗಳ ವಿಳಾಸಗಳು ಒಂದು ಶಾಲೆಯ ಸ್ಮರಣ ಸಂಚಿಕೆಯಲ್ಲೂ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಸಲ್ಲಿಸಿದ ಒಂದು ಪ್ರಬಂಧದ ಅಡಿಟಿಪ್ಪಣಿಯಲ್ಲೂ ಅಚ್ಚಾಗಿವೆ. ಕಾಗದದ ಮೇಲಿನ ವಿಳಾಸವನ್ನು ನಾನು ತಿದ್ದಲಾರೆ. ಮುಂದೆ ಯಾರೋ ಆ ಸಂಚಿಕೆಯನ್ನು ತೆರೆದು, ವಿಳಾಸವನ್ನು ಬೆರಳಲ್ಲಿ ಒತ್ತಿ, ‘ಪುಟ ಸಿಗಲಿಲ್ಲ’ ಎಂಬ ಉತ್ತರ ಪಡೆಯಬಾರದು.

ಇನ್ನು ಮೂರು ಸಣ್ಣ ಪ್ರಶ್ನೆಗಳಿವೆ. ನನ್ನ ಅಣ್ಣನ ಮಗ ಅಗ್ಗದ ಹೋಸ್ಟಿಂಗ್ ಕಂಪನಿಯೊಂದರಲ್ಲಿ ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹಾಕಿ, ಬ್ಲಾಗರ್‌ನಿಂದ ಇಳಿಸಿದ ಕಡತವನ್ನು ಅದಕ್ಕೆ ತುಂಬಿಸಿದಾಗ ಕನ್ನಡವೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂತು. ಏಕಿರಬಹುದು? ಎರಡನೆಯದಾಗಿ, ಮೊದಲ ವರ್ಷದ 30 ಬರಹಗಳನ್ನು ಹಳೆಯ ‘ಬರಹ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ ಅಂಟಿಸಿದ್ದೆ, ಈಗ ಯಾರ ಮೊಬೈಲಿನಲ್ಲಿಯೂ ಅವು ಓದಲು ಬರುವುದಿಲ್ಲ. ಮೂರನೆಯದಾಗಿ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಬಹುದೇ?

ಕೋಥ್ರೂಡ್_ಕಟ್ಟೆ:

ನಿಮ್ಮ ಸಣ್ಣ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಬಗೆಹರಿಯದೆ ಮುಂದಿನ ಕೆಲಸ ಸಾಗದು.

ಕನ್ನಡ ಕೆಡುವುದರಲ್ಲಿ ಎರಡು ಬಗೆಯಿದೆ. ಅಕ್ಷರಗಳ ಬದಲು ತಲೆಯ ಮೇಲೆ ಓರೆಗೆರೆ ಹೊತ್ತ ಚಿತ್ರವಿಚಿತ್ರ ರೋಮನ್ ಅಕ್ಷರಗಳು ಕಂಡರೆ ಗಾಬರಿ ಬೇಡ. ಒಳಗಿನ ದತ್ತಾಂಶ ಉಳಿದಿದೆ, ಓದುವ ರೀತಿ ಮಾತ್ರ ತಪ್ಪಾಗಿದೆ. ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಬರಹಗಳನ್ನು ಕೂಡಿಡುವ ಡೇಟಾಬೇಸಿನ ಒಳಗೆ ಸೇರುವಾಗಲೇ ಅಕ್ಷರ ಅಳಿಸಿಹೋಗಿದೆ, ಅಲ್ಲಿಂದ ಅದನ್ನು ಮರಳಿ ಪಡೆಯಲಾಗದು. ನಿಮ್ಮದು ಎರಡನೆಯ ಬಗೆ. ಅಲ್ಲಿಯ ಡೇಟಾಬೇಸನ್ನು ಲ್ಯಾಟಿನ್-1 ಎಂಬ ಹಳೆಯ ಅಕ್ಷರ ವ್ಯವಸ್ಥೆಯಲ್ಲಿ ಸೃಷ್ಟಿಸಿರಬೇಕು. ಅದಕ್ಕೆ ಕನ್ನಡವೆಂಬುದೇ ಗೊತ್ತಿಲ್ಲ. ಬ್ಲಾಗರ್‌ನಿಂದ ಇಳಿಸಿದ ಮೂಲ ಕಡತ ಕೆಟ್ಟಿರುವುದಿಲ್ಲ. ಆ ಡೇಟಾಬೇಸನ್ನು ಪೂರ್ತಿ ಅಳಿಸಿ, ಯುಟಿಎಫ್8ಎಂಬಿ4 ಎಂಬ ವ್ಯವಸ್ಥೆಯಲ್ಲಿ ಹೊಸದಾಗಿ ಮಾಡಿ, ಮತ್ತೆ ತುಂಬಿಸಲು ಹೇಳಿ. 2015ರ 4.2 ಆವೃತ್ತಿಯಿಂದ ವರ್ಡ್‌ಪ್ರೆಸ್ ಇದನ್ನೇ ಬಯಸುತ್ತದೆ, ಆದರೆ ಕೆಲವು ಅಗ್ಗದ ಹೋಸ್ಟಿಂಗ್‌ಗಳ ಹಿಂದಿನ ಕೋಣೆಯಲ್ಲಿ ಹಳೆಯ ಪದ್ಧತಿಯೇ ಇನ್ನೂ ನಡೆದಿದೆ.

ಈಗ ವಿಳಾಸಗಳ ವಿಷಯ. ಇಂಗ್ಲಿಷ್ ಬ್ಲಾಗಿಗರಿಗೆ ಇಲ್ಲದ ಒಂದು ತೊಡಕು ನಮಗಿದೆ, ಮತ್ತು ಇಂಗ್ಲಿಷಿನಲ್ಲಿ ಬರೆದ ಯಾವ ಮಾರ್ಗದರ್ಶಿಯಲ್ಲೂ ಅದನ್ನು ನಾನು ಕಂಡಿಲ್ಲ. ಶೀರ್ಷಿಕೆ ಇಂಗ್ಲಿಷಿನಲ್ಲಿದ್ದರೆ ಬ್ಲಾಗರ್ ಆ ಪದಗಳಿಂದಲೇ ವಿಳಾಸ ಕಟ್ಟುತ್ತದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಅದಕ್ಕೆ ಏನೂ ತೋಚದೆ ‘ಬ್ಲಾಗ್-ಪೋಸ್ಟ್.ಎಚ್‌ಟಿಎಂಎಲ್’ ಎಂದು ಇಡುತ್ತದೆ. ಅದೇ ತಿಂಗಳಲ್ಲಿ ಇನ್ನೊಂದು ಬರೆದರೆ ‘ಬ್ಲಾಗ್-ಪೋಸ್ಟ್_14.ಎಚ್‌ಟಿಎಂಎಲ್’ ಎಂದು ಬಾಲಕ್ಕೆ ಒಂದು ಅಂಕಿ ಸೇರಿಸುತ್ತದೆ. ಮುಂದಿನ ತಿಂಗಳು ಮತ್ತೆ ಮೊದಲಿನಿಂದ ‘ಬ್ಲಾಗ್-ಪೋಸ್ಟ್’. ವರ್ಷ ಮತ್ತು ತಿಂಗಳು ವಿಳಾಸದೊಳಗೇ ಇರುವುದರಿಂದ ಬ್ಲಾಗರ್‌ಗೆ ಇದರಿಂದ ಗೊಂದಲವಿಲ್ಲ. ನಿಮ್ಮ 412 ಬರಹಗಳಲ್ಲಿ ನೂರಕ್ಕೂ ಹೆಚ್ಚಿನವುಗಳ ಕೊನೆಯ ಹೆಸರು ಒಂದೇ ಇದ್ದರೂ ಆಶ್ಚರ್ಯವಿಲ್ಲ.

ವರ್ಡ್‌ಪ್ರೆಸ್ ಹಾಗಲ್ಲ. ಅದರಲ್ಲಿ ಒಂದು ಬರಹದ ಹೆಸರು ಇಡೀ ತಾಣದಲ್ಲಿ ಒಂದೇ ಸಲ ಬರಬೇಕು, ತಿಂಗಳು ಬೇರೆಯಾದರೂ ಸರಿ. ಆದ್ದರಿಂದ ‘ವರ್ಡ್‌ಪ್ರೆಸ್‌ನ ವಿಳಾಸ ವಿನ್ಯಾಸವನ್ನು ಬ್ಲಾಗರ್‌ನಂತೆ ವರ್ಷ, ತಿಂಗಳು, ಹೆಸರು ಎಂದು ಬದಲಾಯಿಸಿಕೊಳ್ಳಿ, ಎಲ್ಲವೂ ತಾನಾಗಿ ಕೂಡಿಬರುತ್ತದೆ’ ಎಂಬ ಜನಪ್ರಿಯ ಸಲಹೆ ಕನ್ನಡ ಬ್ಲಾಗುಗಳಿಗೆ ಹೊಂದುವುದಿಲ್ಲ. ಎರಡನೆಯ ‘ಬ್ಲಾಗ್-ಪೋಸ್ಟ್’ ಎದುರಾದ ಕೂಡಲೇ ವರ್ಡ್‌ಪ್ರೆಸ್ ಅದರ ಬಾಲಕ್ಕೆ ತನ್ನದೇ ಒಂದು ‘-2’ ಅಂಟಿಸುತ್ತದೆ, ಹಳೆಯ ವಿಳಾಸ ಅಲ್ಲಿಗೆ ಮುರಿಯುತ್ತದೆ.

ಇದಕ್ಕೆ ದಾರಿಯೆಂದರೆ ಒಂದು ಮರುನಿರ್ದೇಶನ ಪಟ್ಟಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಪಟ್ಟಿ. ವರ್ಡ್‌ಪ್ರೆಸ್‌ನ ಬ್ಲಾಗರ್ ಇಂಪೋರ್ಟರ್ ಪ್ರತಿ ಬರಹದ ಹಳೆಯ ಹಾದಿಯನ್ನು ‘ಬ್ಲಾಗರ್ ಪರ್ಮಾಲಿಂಕ್’ ಎಂಬ ಹೆಸರಿನ ಪ್ರತ್ಯೇಕ ಕ್ಷೇತ್ರದಲ್ಲಿ ಬರೆದಿಡುತ್ತದೆ. ಆ ಕ್ಷೇತ್ರವನ್ನೂ ಬರಹದ ಹೊಸ ವಿಳಾಸವನ್ನೂ ಡೇಟಾಬೇಸಿನಿಂದ ಎರಡು ಕಂಬಸಾಲುಗಳಾಗಿ ಹೊರತೆಗೆದರೆ 412 ಸಾಲುಗಳ ಪಟ್ಟಿ ಸಿದ್ಧವಾಗುತ್ತದೆ. ವರ್ಡ್‌ಪ್ರೆಸ್‌ಗೆ ಜೋಡಿಸುವ ರೀಡೈರೆಕ್ಷನ್ ಎಂಬ ಉಚಿತ ಪ್ಲಗಿನ್ನಿಗೆ ಅದನ್ನು ಒಂದೇ ಸಲಕ್ಕೆ ತುಂಬಿಸಬಹುದು. ತುಂಬಿಸಿದ ಮೇಲೆ ಆ ಸ್ಮರಣ ಸಂಚಿಕೆಯನ್ನೂ ಪ್ರಬಂಧವನ್ನೂ ಎದುರಿಗಿಟ್ಟುಕೊಂಡು ಅಚ್ಚಾದ ಒಂದೊಂದು ವಿಳಾಸವನ್ನೂ ಕೈಯಿಂದಲೇ ಬೆರಳಚ್ಚು ಮಾಡಿ ನೋಡಿ.

ಇಷ್ಟಾದರೂ ಅಚ್ಚಾದ ವಿಳಾಸ ಬ್ಲಾಗರ್ ಕೊಡುವ ಬ್ಲಾಗ್‌ಸ್ಪಾಟ್‌ನದ್ದೇ ಹೊರತು ನಿಮ್ಮ ಹೊಸ ಹೆಸರಿನದ್ದಲ್ಲ. ಆದ್ದರಿಂದ ಸರ್ವರ್ ಬಾಡಿಗೆಗೆ ಹಿಡಿಯುವ ಮೊದಲೇ ಡೊಮೈನ್, ಅಂದರೆ ತಾಣಕ್ಕೆ ನಿಮ್ಮದೇ ಹೆಸರು, ಕೊಳ್ಳಿ, ಮತ್ತು ಅದನ್ನು ಮೊದಲು ಬ್ಲಾಗರ್‌ಗೇ ಜೋಡಿಸಿ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ಡೊಮೈನ್ ಎಂಬ ಅವಕಾಶವಿದೆ. ಅದು ಕೊಡುವ ಎರಡು ಸಿನೇಮ್ ದಾಖಲೆಗಳನ್ನು (ಈ ಹೆಸರು ಕೇಳಿದವರನ್ನು ಎತ್ತ ಕಳಿಸಬೇಕೆಂಬ ಸೂಚನೆಗಳನ್ನು) ಡೊಮೈನ್ ಕೊಂಡ ಕಡೆ ಸೇರಿಸಿದರೆ ಸಾಕು. ಆ ಕ್ಷಣದಿಂದ ಬ್ಲಾಗ್‌ಸ್ಪಾಟ್‌ನ ಹಳೆಯ ವಿಳಾಸಗಳೆಲ್ಲ ತಾವಾಗಿ ನಿಮ್ಮ ಹೊಸ ಹೆಸರಿನ ಅದೇ ಹಾದಿಗೆ ತಿರುಗುತ್ತವೆ. ಒಂದೆರಡು ತಿಂಗಳು ಹಾಗೆಯೇ ಬಿಡಿ. ಓದುಗರೂ ಹುಡುಕುಯಂತ್ರಗಳೂ ಹೊಸ ಹೆಸರಿಗೆ ಹೊಂದಿಕೊಳ್ಳಲಿ. ಅನಂತರ ಡೊಮೈನನ್ನು ಹೊಸ ಸರ್ವರಿಗೆ ತಿರುಗಿಸಿದಾಗ ಒಂದು ಬದಲಾವಣೆ ಕಾಣುತ್ತದೆ: ಬ್ಲಾಗ್‌ಸ್ಪಾಟ್ ವಿಳಾಸದಿಂದ ಬಂದವರಿಗೆ ‘ಇಲ್ಲಿದ್ದ ಬ್ಲಾಗು ಈಗ ಬೇರೆಡೆಯಿದೆ, ಅದು ನಮ್ಮಲ್ಲಿಲ್ಲ, ಹೋಗಬೇಕೇ’ ಎಂದು ಕೇಳುವ ನಡುಪುಟವೊಂದು ಬರುತ್ತದೆ. ಒಂದು ಒತ್ತು ಹೆಚ್ಚಾಗುತ್ತದೆ, ಅಷ್ಟೇ, ದಾರಿ ತಪ್ಪುವುದಿಲ್ಲ. ಇದು ನಡೆಯಬೇಕಾದರೆ ಬ್ಲಾಗರ್‌ನಲ್ಲಿರುವ ಮೂಲ ಬ್ಲಾಗನ್ನು ಎಂದಿಗೂ ಅಳಿಸಕೂಡದು.

ಹಾಗೆಯೇ, 2012ರಿಂದ ಕೆಲವು ವರ್ಷ ಭಾರತದ ಓದುಗರಿಗೆ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂದು ಕಾಣುತ್ತಿತ್ತು ಎಂಬುದನ್ನು ಮರೆಯಬೇಡಿ. ಆ ಹೆಸರಿನ ನೋಂದಣಿ 2020ರಲ್ಲಿ ಗೂಗಲಿನ ಕೈಯಿಂದ ಜಾರಿ ಬೇರೆಯವರ ಪಾಲಾಯಿತು. ನಿಮ್ಮ ಅಡಿಟಿಪ್ಪಣಿಯಲ್ಲಿ ಅಚ್ಚಾದದ್ದು ಡಾಟ್ ಇನ್ ಆಗಿದ್ದರೆ ಅದನ್ನು ನೀವಾಗಲಿ ನಾನಾಗಲಿ ಸರಿಪಡಿಸಲಾಗದು. ಓದುವವರು ಇನ್ ಬದಲು ಕಾಮ್ ಎಂದು ಹಾಕಿಕೊಂಡರೆ ಮಾತ್ರ ಪುಟ ತೆರೆಯುತ್ತದೆ.

ಚಿತ್ರಗಳ ವಿಷಯದಲ್ಲಿ ಒಂದೇ ಮಾತು. ಬ್ಲಾಗರ್‌ನಿಂದ ಇಳಿಸಿದ ಕಡತದಲ್ಲಿ ಬರಹವೂ ಪ್ರತಿಕ್ರಿಯೆಯೂ ಇರುತ್ತವೆ, ಚಿತ್ರಗಳಿರುವುದಿಲ್ಲ. ಅವುಗಳ ವಿಳಾಸ ಮಾತ್ರ ಇರುತ್ತದೆ. ಹೊಸ ಮನೆಯಲ್ಲಿ ಚಿತ್ರ ಕಾಣುತ್ತಿದೆಯೆಂದು ಹಿಗ್ಗಬೇಡಿ, ಅದು ಇನ್ನೂ ಹಳೆಯ ಮನೆಯ ಗೋಡೆಯ ಮೇಲೆಯೇ ಇದೆ. ಇಳಿಸಿಕೊಳ್ಳುವಾಗ ಚಿತ್ರದ ವಿಳಾಸದ ನಡುವೆ ‘ಎಸ್320’ ಎಂಬಂಥ ತುಂಡು ಇದೆಯೇ ನೋಡಿ. ಅದು ಕುಗ್ಗಿಸಿದ ಪ್ರತಿಯ ಗುರುತು. ಅಲ್ಲಿ ‘ಎಸ್0’ ಎಂದು ಬದಲಾಯಿಸಿದರೆ ನೀವು ಮೊದಲು ಏರಿಸಿದ ಪೂರ್ಣ ಗಾತ್ರದ ಚಿತ್ರ ಸಿಗುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಗುಂಪು ಭಾವಚಿತ್ರಗಳಲ್ಲಿ ಮುಖ ಗುರುತಿಸಬೇಕಾದರೆ ಈ ವ್ಯತ್ಯಾಸವೇ ಎಲ್ಲವೂ. ಖಾತೆಯಲ್ಲಿರುವುದನ್ನೆಲ್ಲ ಇಳಿಸಿಕೊಡುವ ಗೂಗಲ್ ಟೇಕ್‌ಔಟ್‌ನಿಂದಲೂ ಒಂದು ಪ್ರತಿ ತೆಗೆದಿಡಿ.

ಇನ್ನು ಮುಂದೆ ಬರೆಯುವ ಬರಹಗಳಿಗೆ ವಿಳಾಸವನ್ನು ನೀವೇ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಕೊಡಿ. ನಾನೂ ಮೊದಲು ಅಭಿಮಾನದಿಂದ ಕನ್ನಡದಲ್ಲಿಯೇ ಬಿಟ್ಟಿದ್ದೆ. ವಿಳಾಸದೊಳಗೆ ಕನ್ನಡದ ಒಂದು ‘ಕ’ ಎಂಬುದು ‘%ಇ0%ಬಿ2%95’ ಎಂದು 9 ಚಿಹ್ನೆಗಳಾಗಿ ಹರಡಿಕೊಳ್ಳುತ್ತದೆ. ಗುಣಿತಕ್ಕೆ ಬೇರೆ 9, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಗೆ ಬೇರೆ 9. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ರಾತ್ರಿ’ ಒಳಗೆ 6 ಸಂಕೇತಗಳು, ಅಂದರೆ 54 ಚಿಹ್ನೆಗಳು. ವರ್ಡ್‌ಪ್ರೆಸ್ ಬರಹದ ಹೆಸರಿಗೆ ಕೊಟ್ಟಿರುವ ಜಾಗ 200 ಚಿಹ್ನೆ ಮಾತ್ರ, ಆದ್ದರಿಂದ 22 ಸಂಕೇತಗಳಾಚೆಗೆ ಶೀರ್ಷಿಕೆ ನಡುಪದದಲ್ಲೇ ಕತ್ತರಿಸಿಹೋಗುತ್ತದೆ. ನನ್ನದೊಂದು ಬರಹದ ವಿಳಾಸ ಅರ್ಧ ಒತ್ತಕ್ಷರದಲ್ಲಿ ನಿಂತು ಇಂದಿಗೂ ನನ್ನನ್ನು ಅಣಕಿಸುತ್ತಿದೆ.

ಹಳೆಯ ‘ಬರಹ’ದ 30 ಬರಹಗಳನ್ನು ಸಾಗಿಸುವ ಮೊದಲೇ, ಬ್ಲಾಗರ್‌ನಲ್ಲಿರುವಾಗಲೇ ಯೂನಿಕೋಡ್‌ಗೆ ತಿರುಗಿಸಿ. ಆ ಕಾಲದ ಪದ್ಧತಿಯಲ್ಲಿ ಒಳಗಿದ್ದದ್ದು ರೋಮನ್ ಸಂಕೇತಗಳು, ಮೇಲೆ ಹೊದಿಸಿದ ಫಾಂಟು ಮಾತ್ರ ಕನ್ನಡ. ಆದ್ದರಿಂದ ಯಾವ ತುಂಡು ಕನ್ನಡ, ಯಾವ ತುಂಡು ನಿಜವಾದ ಇಂಗ್ಲಿಷ್ ಎಂದು ಹೇಳುವುದು ಆ ಫಾಂಟಿನ ಟ್ಯಾಗೊಂದೇ. ಸಾಗಿಸುವ ಭರದಲ್ಲಿ ಅದು ಉದುರಿದರೆ ಪರಿವರ್ತಕ ನಿಮ್ಮ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ತಿಳಿದು ಕಲಸುತ್ತದೆ. ತಿರುಗಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು, ಅಂದರೆ ವರ್ಷ, ಕಾರ್ಯ, ಮಾರ್ಗದಂಥವನ್ನು, ಕಣ್ಣಿಟ್ಟು ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತಿತ್ತು, ಯೂನಿಕೋಡ್‌ನಲ್ಲಿ ರೇಫ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಅಲ್ಲಿಯೇ.

ಖರ್ಚು ಹೇಳುವುದಾದರೆ, ನನಗೆ ಡೊಮೈನೂ ಹಂಚಿಕೆಯ (ಹಲವರು ಒಂದೇ ಸರ್ವರ್ ಬಳಸುವ) ಹೋಸ್ಟಿಂಗೂ ಸೇರಿ ವರ್ಷಕ್ಕೆ 4,500 ರೂಪಾಯಿಯ ಆಸುಪಾಸು ಬೀಳುತ್ತಿದೆ. ಮೊದಲ ವರ್ಷದ ದರವನ್ನು ನೋಡಿ ಮರುಳಾಗದೆ ನವೀಕರಣದ ದರವನ್ನು ಕೇಳಿ. ಭದ್ರತಾ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ.

ವಾಸ್ಕೋ_ಬಂದರು:

ಕೋಥ್ರೂಡಿನವರು ಹೇಳಿದ ತೊಡಕು ನಿಜ, ಆದರೆ ಪರಿಹಾರ ಸುತ್ತುಬಳಸಿನದು ಎಂದು ನನ್ನ ಅಭಿಪ್ರಾಯ. ವರ್ಡ್‌ಪ್ರೆಸ್ ಬಿಟ್ಟು ಹ್ಯೂಗೋದಂಥ ಸಾಧನದಿಂದ ಸ್ಥಿರ ಪುಟಗಳ ತಾಣ ಕಟ್ಟಿದರೆ ಮರುನಿರ್ದೇಶನ ಪಟ್ಟಿಯೇ ಬೇಡ. ಅಲ್ಲಿ ಪ್ರತಿ ಬರಹವೂ ಒಂದು ಕಡತ. ಜುಲೈನ ಫೋಲ್ಡರಿನಲ್ಲೊಂದು, ಆಗಸ್ಟಿನ ಫೋಲ್ಡರಿನಲ್ಲೊಂದು ‘ಬ್ಲಾಗ್-ಪೋಸ್ಟ್.ಎಚ್‌ಟಿಎಂಎಲ್’ ಇದ್ದರೆ ಯಾರಿಗೂ ತಕರಾರಿಲ್ಲ. ಬರಹದ ತಲೆಯಲ್ಲಿ ಹಳೆಯ ಹಾದಿಯನ್ನು ಯಥಾವತ್ತಾಗಿ ಬರೆದರೆ ಅದೇ ವಿಳಾಸದಲ್ಲಿ ಪುಟ ಹುಟ್ಟುತ್ತದೆ. ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ಕಳ್ಳರು ಒಳನುಗ್ಗಲು ಬಾಗಿಲೇ ಇಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟರೆ 1 ಜಿಬಿಯವರೆಗಿನ ತಾಣಕ್ಕೆ ಬಾಡಿಗೆಯೂ ಇಲ್ಲ, ಡೊಮೈನಿನ ಖರ್ಚು ಮಾತ್ರ. ಅದೂ ಇನ್ನೊಬ್ಬರ ಪುಕ್ಕಟೆ ಜಗಲಿಯೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಇಡೀ ತಾಣ ನಿಮ್ಮ ಪೆನ್‌ಡ್ರೈವಿನಲ್ಲಿಯೂ ಇರುತ್ತದೆ. ಅವರು ಎಬ್ಬಿಸಿದ ದಿನ ಬೇರೆ ಜಗಲಿಗೆ ಒಯ್ಯಲು ಅರ್ಧ ಗಂಟೆ ಸಾಕು.

ಇದರ ಬೆಲೆ ಪ್ರತಿಕ್ರಿಯೆಗಳ ಕಡೆ ತೆರಬೇಕು. ಹಳೆಯ 3,000 ಪ್ರತಿಕ್ರಿಯೆಗಳನ್ನು ಆಯಾ ಬರಹದ ಕೆಳಗೆ ಪಠ್ಯವಾಗಿಯೇ ಅಚ್ಚೊತ್ತಬಹುದು, ಅದಕ್ಕೊಂದು ಚಿಕ್ಕ ಸ್ಕ್ರಿಪ್ಟು ಬೇಕು. ಹೊಸ ಪ್ರತಿಕ್ರಿಯೆ ಪಡೆಯಲು ಮಾತ್ರ ಬೇರೊಂದು ಸೇವೆಯನ್ನು ಜೋಡಿಸಬೇಕು. ಮೊಬೈಲಿನಿಂದ ಬರೆದು ಪ್ರಕಟಿಸುವ ಅಭ್ಯಾಸವಿದ್ದರೆ ಹ್ಯೂಗೋ ತುಸು ಕಾಡುತ್ತದೆ.

ಮನೆಯ ಕಂಪ್ಯೂಟರಿನ ಬಗ್ಗೆ ಅನುಭವದಿಂದ ಹೇಳುತ್ತೇನೆ. ನಾನು ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಒಂದನ್ನು ಟಿವಿಯ ಹಿಂದೆ ಇಟ್ಟು ಎರಡು ವರ್ಷ ನನ್ನ ಬ್ಲಾಗನ್ನು ನಡೆಸಿದೆ. ಮೊದಲ ಅಡ್ಡಿ, ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ನಮಗೆ ಸ್ವಂತದ ಸಾರ್ವಜನಿಕ ಐಪಿ ವಿಳಾಸವೇ ಇಲ್ಲದಿರುವುದು. ಹಲವು ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ, ಹೊರಗಿನವರು ಬಾಗಿಲು ತಟ್ಟಿದರೆ ಯಾರ ಮನೆಗೆಂದು ತಿಳಿಯುವುದಿಲ್ಲ. ಕ್ಲೌಡ್‌ಫ್ಲೇರ್‌ನ ಸುರಂಗ ಸೇವೆಯಿಂದ ಅದನ್ನು ದಾಟಿದೆ. ಗೋವೆಯ ಮಳೆಯನ್ನು ದಾಟಲಾಗಲಿಲ್ಲ. ಜೂನ್ ತಿಂಗಳ ಒಂದು ರಾತ್ರಿ ಆರು ಸಲ ಕರೆಂಟು ಹೋಗಿ ಬಂದು, ಬೆಳಿಗ್ಗೆ ನೋಡಿದರೆ ಮೆಮರಿ ಕಾರ್ಡ್ ಸತ್ತಿತ್ತು. ಬ್ಯಾಕಪ್ ತೆಗೆಯುತ್ತಿದ್ದೆ, ಅದೇ ಕಾರ್ಡಿನ ಇನ್ನೊಂದು ಫೋಲ್ಡರಿನಲ್ಲಿ.

ಕೋಥ್ರೂಡ್_ಕಟ್ಟೆ:

ಮಳೆಯೇ ಬೇಕಿಲ್ಲ. ನಮ್ಮ ಪುಣೆಯಲ್ಲಿ ಗುರುವಾರ ದುರಸ್ತಿಯ ಹೆಸರಿನಲ್ಲಿ ಕರೆಂಟು ತೆಗೆಯುವುದು ಪದ್ಧತಿ. ಮನೆಯ ಸರ್ವರಿಗೆ ವಾರದ ರಜೆ ಸಿಕ್ಕಂತೆ.

ಮುಲುಂಡ್_ಪಶ್ಚಿಮ:

ಮೇಲಿನ ಇಬ್ಬರೂ ತಾಂತ್ರಿಕವಾಗಿ ಸರಿಯಾದುದನ್ನೇ ಹೇಳಿದ್ದಾರೆ. ಆದರೆ ಪ್ರಶ್ನೆ ಕೇಳಿದವರೂ ನನ್ನಂತೆ ನಿವೃತ್ತರಾದ್ದರಿಂದ, ಬೇರೆ ಯಾರೂ ಎತ್ತದ ಒಂದು ಮಾತನ್ನು ನಾನು ಎತ್ತಬೇಕಾಗಿದೆ.

ಘಾಟ್‌ಕೋಪರಿನ ನನ್ನ ಸ್ನೇಹಿತರೊಬ್ಬರು ಉಚಿತ ವೇದಿಕೆಯಲ್ಲಿ ಏಳು ವರ್ಷ ಬರೆದು, 2015ರಲ್ಲಿ ಸ್ವಂತ ಹೋಸ್ಟಿಂಗ್‌ಗೆ ಹೋದರು. 2019ರಲ್ಲಿ ತೀರಿಕೊಂಡರು. ಡೊಮೈನ್ ನೋಂದಣಿಗೆ ಕೊಟ್ಟಿದ್ದ ಇಮೇಲ್ ಅವರ ಹಳೆಯ ಕಚೇರಿಯದು. ನವೀಕರಣದ ಎಚ್ಚರಿಕೆಗಳೆಲ್ಲ ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬಿದ್ದವು. ಮನೆಯವರಿಗೆ ಅಂಥದೊಂದು ವಾರ್ಷಿಕ ಬಾಕಿ ಇದೆಯೆಂಬುದೇ ತಿಳಿದಿರಲಿಲ್ಲ. ಮರುವರ್ಷ ನಾನು ಅವರ ಒಂದು ಬರಹ ಹುಡುಕಲು ಹೋದಾಗ ಆ ಹೆಸರಿನಲ್ಲಿ ಜೂಜಿನ ಜಾಹೀರಾತು ಕುಣಿಯುತ್ತಿತ್ತು. ಅವರು ಅಳಿಸಲು ಮರೆತಿದ್ದ ಹಳೆಯ ಉಚಿತ ಬ್ಲಾಗು ಮಾತ್ರ ಇಂದಿಗೂ ಇದೆ, 2015ರವರೆಗಿನ ಬರಹಗಳೊಂದಿಗೆ. ಸ್ವಂತ ಮನೆ ಎನ್ನುವಾಗ ಅದರ ತೆರಿಗೆಯನ್ನು ನಮ್ಮ ನಂತರ ಯಾರು ಕಟ್ಟುತ್ತಾರೆ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಹಾಗೆಂದು ಉಚಿತ ವೇದಿಕೆ ಶಾಶ್ವತವೂ ಅಲ್ಲ. ಎರಡು ವರ್ಷ ಬಳಕೆಯಿಲ್ಲದ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಆದ್ದರಿಂದ ಸಾಗಿಸುವ ದಿನವೇ ಮಾಡಬೇಕಾದ ಕೆಲಸಗಳಿವೆ. ಡೊಮೈನನ್ನು ಒಮ್ಮೆಗೆ 10 ವರ್ಷಕ್ಕೆ ನೋಂದಾಯಿಸಲು ಸಾಧ್ಯವಿದೆ, ಹಾಗೆಯೇ ಮಾಡಿ. ಇಮೇಲ್ ವಿಳಾಸ ಮನೆಯವರೂ ನೋಡುವಂಥದಾಗಿರಲಿ. ಗೂಗಲ್ ಖಾತೆಯಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬ ವ್ಯವಸ್ಥೆಯಿದೆ. ನೀವು ಇಷ್ಟು ತಿಂಗಳು ಕಾಣಿಸದಿದ್ದರೆ ಇಂಥವರಿಗೆ ಇಂಥದನ್ನು ಒಪ್ಪಿಸಿ ಎಂದು 10 ಮಂದಿಯವರೆಗೆ ಹೆಸರಿಸಿಡಬಹುದು. ಜಾಲಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಮುಖ್ಯ ಬರಹಗಳ ವಿಳಾಸಗಳನ್ನು ಒಂದೊಂದಾಗಿ ಕೊಟ್ಟು ಪ್ರತಿ ಉಳಿಸಿ; ಆ 43 ಪ್ರತಿಕ್ರಿಯೆಗಳ ಪುಟವನ್ನು ಎಲ್ಲಕ್ಕಿಂತ ಮೊದಲು. ನಿಮ್ಮ ವಿಷಯ ನೋಡಿದರೆ ಒಂದು ಪ್ರತಿಯನ್ನು ಕಲೀನಾದ ಕನ್ನಡ ವಿಭಾಗಕ್ಕೂ ಕೊಟ್ಟಿಡುವುದು ಒಳ್ಳೆಯದು. ಆ ರಾತ್ರಿ ಶಾಲೆಗಳ ಬಗ್ಗೆ ಮುಂದೆ ಕೆಲಸ ಮಾಡುವವರು ಬರುವುದು ಅಲ್ಲಿಗೇ.

ಡೊಂಬಿವಲಿ_ಪೂರ್ವ (ಮೂರು ತಿಂಗಳ ಬಳಿಕ):

ಎಲ್ಲರಿಗೂ ಉತ್ತರಿಸಲು ತಡವಾಯಿತು, ಏಕೆಂದರೆ ಹೇಳಿದ್ದನ್ನು ಮಾಡಿಯೇ ಬರೆಯಬೇಕೆಂದುಕೊಂಡೆ.

ಡೊಮೈನ್ ಕೊಂಡು ಎರಡು ತಿಂಗಳು ಬ್ಲಾಗರ್‌ಗೇ ಜೋಡಿಸಿಟ್ಟೆ. ಆ ಅವಧಿಯಲ್ಲಿ ಹಳೆಯ ‘ಬರಹ’ದ 30 ಬರಹಗಳನ್ನು ತಿರುಗಿಸಿದೆ; ಅರ್ಕಾವತ್ತಿನ ಎಚ್ಚರಿಕೆಗೆ ಋಣಿ, ‘ಸೂರ್ಯ’ನೊಬ್ಬನೇ ಹನ್ನೊಂದು ಕಡೆ ಎಡವಟ್ಟಾಗಿದ್ದ. ಹ್ಯೂಗೋ ನೋಡಿದೆ, ಮೆಚ್ಚಿದೆ, ಆದರೆ ನಾನು ಬರೆಯುವುದು ಹೆಚ್ಚಾಗಿ ಲೋಕಲ್ ರೈಲಿನಲ್ಲಿ ಕುಳಿತು ಫೋನಿನಲ್ಲಿ. ಆದ್ದರಿಂದ ವರ್ಡ್‌ಪ್ರೆಸ್ಸನ್ನೇ ಆರಿಸಿಕೊಂಡೆ. ಡೇಟಾಬೇಸನ್ನು ಹೊಸದಾಗಿ ಮಾಡಿದ ಮೇಲೆ ಕನ್ನಡ ಅಕ್ಷರಕ್ಕೊಂದು ಅಕ್ಷರ ಸರಿಯಾಗಿ ಬಂತು. 412 ಸಾಲುಗಳ ಪಟ್ಟಿಯಲ್ಲಿ ಬರಿಯ ‘ಬ್ಲಾಗ್-ಪೋಸ್ಟ್.ಎಚ್‌ಟಿಎಂಎಲ್’ ಎಂದೇ ಕೊನೆಗೊಳ್ಳುವುವು 137 ಇದ್ದವು. ಎಸ್0 ತಂತ್ರದಿಂದ ಇಳಿಸಿದ ಒಂದು 1962ರ ಗುಂಪು ಚಿತ್ರದಲ್ಲಿ, ಹಿಂದಿನ ಸಾಲಿನಲ್ಲಿ ನಿಂತ ಅಡುಗೆಭಟ್ಟರ ಮುಖ ಇದೇ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಸ್ಮರಣ ಸಂಚಿಕೆಯ ಒಂಬತ್ತೂ ವಿಳಾಸಗಳನ್ನು ಒತ್ತಿ ನೋಡಿದೆ, ನಡುಪುಟವನ್ನು ದಾಟಿ ಎಲ್ಲವೂ ತಲುಪುತ್ತವೆ. ಪ್ರಬಂಧದಲ್ಲಿ ಎರಡು ಡಾಟ್ ಇನ್ ಇವೆ. ಅದನ್ನು ಬರೆದವರಿಗೆ ತಿಳಿಸಿದ್ದೇನೆ.

ಮುಲುಂಡಿನವರ ಮಾತಿನಂತೆ ಮಗಳನ್ನು ಕೂರಿಸಿಕೊಂಡು ಗುಪ್ತಪದ, ನವೀಕರಣದ ತಾರೀಖು ಎಲ್ಲವನ್ನೂ ಬರೆಸಿದ್ದೇನೆ. ಎಲ್‌ಐಸಿ ಪಾಲಿಸಿಗಳ ಕಡತದಲ್ಲಿಯೇ ಆ ಹಾಳೆಯೂ ಇದೆ.

ಒಂದು ತೊಂದರೆ ಮಾತ್ರ ಉಳಿದಿದೆ. ಹೊಸ ಹೆಸರು ಬ್ಲಾಗರ್‌ಗೆ ಜೋಡಿಸಿದ್ದ ಎರಡು ತಿಂಗಳಲ್ಲಿ ನಾನು ಫೋನಿನಿಂದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದ ಕೊಂಡಿಗಳು ಈಗ ತೆರೆಯುತ್ತಿಲ್ಲ. ಅವೇ ಬರಹಗಳು ಕಂಪ್ಯೂಟರಿನಿಂದ ಕಳಿಸಿದ ಕೊಂಡಿಯಲ್ಲಿ ತೆರೆಯುತ್ತವೆ. ಎಂಬತ್ತು ದಾಟಿದ ಹಿರಿಯರೊಬ್ಬರು ‘ನೀನು ಅಂಗಡಿ ಮುಚ್ಚಿದೆಯೋ’ ಎಂದು ಫೋನ್ ಮಾಡಿ ಕೇಳಿದರು.

ಕೋಥ್ರೂಡ್_ಕಟ್ಟೆ:

ಇದನ್ನು ಮೊದಲೇ ಹೇಳದಿದ್ದುದು ನನ್ನ ತಪ್ಪು. ಆ ಕೊಂಡಿಗಳ ಬಾಲದಲ್ಲಿ ‘?ಎಂ=1’ ಎಂದಿರುತ್ತದೆ, ನೋಡಿ. ಮೊಬೈಲಿನಲ್ಲಿ ತೆರೆದಾಗ ಬ್ಲಾಗರ್ ತಾನಾಗಿ ಸೇರಿಸುವ ಗುರುತು ಅದು. ನಿಮ್ಮ ಪಟ್ಟಿಯಲ್ಲಿರುವುದು ಬಾಲವಿಲ್ಲದ ವಿಳಾಸ, ಪ್ಲಗಿನ್ ಎರಡನ್ನೂ ಅಕ್ಷರಶಃ ಹೋಲಿಸಿ ಬೇರೆಯೆಂದು ತೀರ್ಮಾನಿಸುತ್ತಿದೆ. ಅದು ಸಾಲದೆಂಬಂತೆ ವರ್ಡ್‌ಪ್ರೆಸ್ ತನ್ನ ಪಾಲಿಗೆ ಆ ‘ಎಂ’ ಅನ್ನು ತಿಂಗಳ ಸೂಚನೆಯೆಂದು ಓದುತ್ತದೆ. ಪ್ಲಗಿನ್ನಿನಲ್ಲಿ ಪ್ರಶ್ನಾರ್ಥಕದ ಮುಂದಿನದನ್ನೆಲ್ಲ ಕಡೆಗಣಿಸು ಎಂಬ ಆಯ್ಕೆಯಿದೆ. ಅದನ್ನು 412 ಸಾಲುಗಳಿಗೂ ಒಟ್ಟಿಗೆ ಅನ್ವಯಿಸಿ.

ವಾಸ್ಕೋ_ಬಂದರು:

ಸ್ಥಿರ ಪುಟವಾಗಿದ್ದರೆ ಆ ಬಾಲವನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಸುಮ್ಮನೆ ಹೇಳಿದೆ.

ಡೊಂಬಿವಲಿ_ಪೂರ್ವ:

ಆಯ್ಕೆ ಬದಲಾಯಿಸಿದೆ, ಕೊಂಡಿಗಳು ತೆರೆಯುತ್ತಿವೆ. ಹಿರಿಯರಿಗೆ ಫೋನ್ ಮಾಡಿ ಅಂಗಡಿ ತೆರೆದಿದೆಯೆಂದು ಹೇಳಿದ್ದೇನೆ.